ಕಾವಲುಗಾರನಿಗೆ ಕಲಿಸುವ ಖರ್ಚು ಯಾರದು?

ತಾಲ್ಲೂಕು ಕಛೇರಿಗಾಗಲಿ ಸರ್ಕಾರಿ ಆಸ್ಪತ್ರೆಗಾಗಲಿ ಕೆಲಸವಿದ್ದು ಹೋದ ಬಡವನಿಗೆ ಮೊದಲು ಎದುರಾಗುವ ಸರ್ಕಾರವೆಂದರೆ ತಹಶೀಲ್ದಾರರೂ ಅಲ್ಲ, ವೈದ್ಯಾಧಿಕಾರಿಗಳೂ ಅಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ. ಒಳಗೆ ಹೋಗು ಎನ್ನುವವನೂ ಅವನೇ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬಾ ಎನ್ನುವವನೂ ಅವನೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಮ್ಮ ಓದುಗರು ಈ ಮನುಷ್ಯನನ್ನು ಚೆನ್ನಾಗಿ ಬಲ್ಲರು. ಎಷ್ಟೋ ವೇಳೆ ಅವನು ಅವರ ನೆಂಟನೇ ಆಗಿರುತ್ತಾನೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದಾದ ಮೇಲೊಂದು ಮುಚ್ಚಿಹೋದಾಗ ಮಗ್ಗದ ಮುಂದೆ ನಿಲ್ಲುತ್ತಿದ್ದವರಲ್ಲಿ ಕೆಲವರು ಬಡಿಗೆ ಹಿಡಿದು ಬೇರೆಯವರ ಬಾಗಿಲಲ್ಲಿ ನಿಂತರು ಎಂಬುದನ್ನು ಗಿರಣಿಯ ಕೇರಿಗಳಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಈತ ಕಾಯುವುದು ಸರ್ಕಾರದ ಬಾಗಿಲು. ಆದರೆ ಬಹಳಷ್ಟು ಕಡೆ ಈತ ಸರ್ಕಾರದ ನೌಕರನಲ್ಲ, ಹೊರಗುತ್ತಿಗೆಯ ಆಳು. ಹಾಜರಿ ಪುಸ್ತಕ ಏಜೆನ್ಸಿಯವನದು, ಸಂಬಳದ ದಿನವನ್ನು ಗೊತ್ತುಮಾಡುವವನೂ ಏಜೆನ್ಸಿಯವನೇ. ಹೀಗೆ ಏಜೆನ್ಸಿಯ ಮೂಲಕ ಬರುವ ಕಾವಲುಗಾರರಿಗಾಗಿಯೇ ಪಾರ್ಲಿಮೆಂಟು 2005ರಲ್ಲಿ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯನ್ನು ಮಾಡಿತು. 2006ರ ಮಾರ್ಚ್ 15ರಂದು ಅದು ಜಾರಿಗೆ ಬಂದಿತು. ಏಜೆನ್ಸಿಗೆ ಲೈಸೆನ್ಸ್ ಇರಬೇಕು. ಕಾವಲುಗಾರನಿಗೆ 18 ವರ್ಷ ತುಂಬಿರಬೇಕು, 65 ತುಂಬಿರಬಾರದು. ಅವನ ನಡತೆಯ ವಿಚಾರಣೆ ಆಗಿರಬೇಕು. ಗೊತ್ತುಪಡಿಸಿದ ತರಬೇತಿಯನ್ನು ಅವನು ಮುಗಿಸಿರಬೇಕು ಎಂದು ಆ ಕಾಯ್ದೆ ವಿಧಿಸುತ್ತದೆ.

ತರಬೇತಿ ಎಷ್ಟು? ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ಮಾದರಿ ನಿಯಮಗಳು 100 ಗಂಟೆ ತರಗತಿಯ ಪಾಠ, 60 ಗಂಟೆ ಹೊರಗಿನ ಅಭ್ಯಾಸ, ಎಲ್ಲ ಸೇರಿ 20 ಕೆಲಸದ ದಿನಗಳಿಗೆ ಕಡಿಮೆಯಾಗಬಾರದು ಎಂದವು. ಸೈನ್ಯದಿಂದ, ಪೊಲೀಸಿನಿಂದ ನಿವೃತ್ತರಾಗಿ ಬಂದವರಿಗೆ ಮಾತ್ರ ರಿಯಾಯಿತಿ: 40 ಗಂಟೆ ಪಾಠ, 16 ಗಂಟೆ ಅಭ್ಯಾಸ, 7 ದಿನ. ಪಾಠದ ಪಟ್ಟಿ ಸಣ್ಣದಲ್ಲ. ಬೆಂಕಿ ಆರಿಸುವುದು, ಜನಸಂದಣಿಯನ್ನು ನಿಭಾಯಿಸುವುದು, ಪ್ರಥಮ ಚಿಕಿತ್ಸೆ, ಬಾಂಬಿನಂಥ ವಸ್ತುವನ್ನು ಗುರುತಿಸುವುದು, ಗುರುತಿನ ಚೀಟಿ ಪರೀಕ್ಷಿಸುವುದು, ಪೊಲೀಸ್ ಠಾಣೆಯಲ್ಲಿ ದೂರು ಕೊಡುವ ಕ್ರಮ, ಆತ್ಮರಕ್ಷಣೆಯ ಹಕ್ಕು ಎಲ್ಲಿಗೆ ಮುಗಿಯುತ್ತದೆ ಎಂಬ ಕಾನೂನು, ಎಲ್ಲಕ್ಕಿಂತ ಮೊದಲು ಸಾರ್ವಜನಿಕರೊಡನೆ ನಡೆದುಕೊಳ್ಳುವ ರೀತಿ. ಇಷ್ಟನ್ನು ಕಲಿತವನಿಗೆ ಸರ್ಟಿಫಿಕೇಟು. ಜೊತೆಗೆ ದೇಹದ ಅಳತೆಗಳೂ ಉಂಟು: ಗಂಡಸಿಗೆ 160 ಸೆಂಟಿಮೀಟರ್ ಎತ್ತರ, 6 ನಿಮಿಷದಲ್ಲಿ ಒಂದು ಕಿಲೋಮೀಟರ್ ಓಟ. ಇದೇ ಓಟವನ್ನು ಕಛೇರಿಯ ಒಳಗಿನ ಅರ್ಜಿಗಳಿಗೂ ಕಡ್ಡಾಯ ಮಾಡಿದ್ದರೆ ನಮ್ಮ ರೈತರು ಎಷ್ಟು ಬಸ್ ಚಾರ್ಜು ಉಳಿಸುತ್ತಿದ್ದರೋ!

ಕಾನೂನು ಒಳ್ಳೆಯದೇ. ಅದನ್ನು ನಾವು ಹಳಿಯುವುದಿಲ್ಲ. ನಮ್ಮ ಪ್ರಶ್ನೆ ಇರುವುದು ಆ 20 ದಿನಗಳ ಬಗ್ಗೆ.

20 ದಿನ ತರಬೇತಿಯೆಂದರೆ 20 ದಿನದ ಕೂಲಿ. ದಿನಗೂಲಿಯಲ್ಲಿ ಮನೆ ನಡೆಸುವವನು ಅಷ್ಟು ದಿನ ತರಗತಿಯಲ್ಲಿ ಕುಳಿತರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ತರಬೇತಿ ಆಗುವಂತೆ ನೋಡಿಕೊಳ್ಳುವುದು ಏಜೆನ್ಸಿಯ ಹೊಣೆ ಎನ್ನುತ್ತದೆ ಕಾಯ್ದೆ. ಏಜೆನ್ಸಿಯನ್ನು ಆರಿಸುವುದು ಟೆಂಡರು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯಿದೆ; ಷರತ್ತಿಗೆ ಒಳಪಟ್ಟವರಲ್ಲಿ ಕಡಿಮೆ ದರ ಹೇಳಿದವನಿಗೆ ಕೆಲಸ ಹೋಗುತ್ತದೆ. ಸುಣ್ಣ ಬಣ್ಣಕ್ಕೆ, ಕಾಗದ ಮಸಿಗೆ ಈ ಪದ್ಧತಿ ಸರಿಯಿರಬಹುದು. ಮನುಷ್ಯರ ದುಡಿಮೆಗೆ ಇದನ್ನೇ ಹಚ್ಚಿದರೆ ಏನಾಗುತ್ತದೆಂಬುದನ್ನು ಅಂಗಡಿಕಾರರಾದ ನಮ್ಮ ಓದುಗರು ನಮಗಿಂತ ಚೆನ್ನಾಗಿ ಬಲ್ಲರು. ಪಕ್ಕದ ಅಂಗಡಿಯವನು ಅಸಲಿಗಿಂತ ಕಡಿಮೆಗೆ ಬಟ್ಟೆ ಮಾರುತ್ತಿದ್ದಾನೆಂದರೆ ಗಜದಲ್ಲಿ ಮೋಸವಿರಬೇಕು, ಇಲ್ಲವೆ ಬಟ್ಟೆಯಲ್ಲಿ. ಕನಿಷ್ಠ ವೇತನ, ಭವಿಷ್ಯನಿಧಿ, ಆಸ್ಪತ್ರೆಯ ವಿಮೆ ಇವನ್ನು ಕಾಗದದ ಮೇಲಾದರೂ ತೋರಿಸಲೇಬೇಕು. ತೋರಿಸದೆ ಕತ್ತರಿಸಬಹುದಾದದ್ದು ಒಂದೇ, ತರಬೇತಿ. ಸರ್ಟಿಫಿಕೇಟಿಗೆ ಒಂದು ಹಾಳೆ, ಒಂದು ಮೊಹರು ಸಾಕು. ತರಬೇತಿಗೆ 20 ದಿನ ಬೇಕು. ಕಡಿಮೆ ದರ ಹೇಳಿ ಗೆದ್ದವನು ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುವನೆಂದು ಊಹಿಸಲು ಪಂಚಾಂಗ ಬೇಡ.

ಕಲಿಯದವನನ್ನು ಕಾವಲಿಗೆ ನಿಲ್ಲಿಸಿದ ಏಜೆನ್ಸಿಗೆ ಕಾಯ್ದೆ 25,000 ರೂಪಾಯಿವರೆಗೆ ದಂಡ ಹೇಳಿದೆ, ಲೈಸೆನ್ಸ್ ಕಳೆದುಕೊಳ್ಳುವ ಭಯವನ್ನೂ ಒಡ್ಡಿದೆ. ಆದರೆ ಅಂಥ ಕಾವಲನ್ನು ಅಗ್ಗಕ್ಕೆ ಕೊಂಡ ಕಛೇರಿಗೆ ಯಾವ ದಂಡವೂ ಇಲ್ಲ. ಕಾನೂನು ಬರೆದವರೂ ಸರ್ಕಾರದವರೇ, ಟೆಂಡರು ಕರೆಯುವವರೂ ಸರ್ಕಾರದವರೇ, ಬಾಗಿಲೂ ಸರ್ಕಾರದ್ದೇ. ತಪ್ಪು ಮಾತ್ರ ಬಾಗಿಲಲ್ಲಿ ನಿಂತವನದು.

ಬಾಗಿಲು ಕಾಯಲು ಇಷ್ಟೆಲ್ಲ ವಿದ್ಯೆ ಏಕೆ ಎಂದು ಕೇಳುವವರಿದ್ದಾರೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕಲ್ಕತ್ತೆಯ ಎ.ಎಂ.ಆರ್.ಐ. ಆಸ್ಪತ್ರೆಗೆ ಬೆಂಕಿ ಬಿದ್ದಿತು. ಹೊಗೆ ಕಂಡು ಓಡಿಬಂದ ಪಕ್ಕದ ಕೊಳಗೇರಿಯ ಹುಡುಗರನ್ನು ಗೇಟಿನ ಕಾವಲುಗಾರರು ಒಳಗೆ ಬಿಡದೆ ಹಿಂದಕ್ಕೆ ಕಳಿಸಿದರೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಸುಮಾರು 90 ಜನ ಸತ್ತರು, ಬಹುಪಾಲು ಹಾಸಿಗೆಯಿಂದ ಏಳಲಾರದ ರೋಗಿಗಳು. ಆ ಕಾವಲುಗಾರರು ದುಷ್ಟರೇನಲ್ಲ. ಹೊರಗಿನವರನ್ನು ಒಳಗೆ ಬಿಡಬೇಡ ಎಂಬ ಒಂದೇ ಪಾಠವನ್ನು ಅವರಿಗೆ ಹೇಳಿಕೊಟ್ಟಿದ್ದಿರಬೇಕು. ಹೊಗೆ ಕಂಡಾಗ ಏನು ಮಾಡಬೇಕೆಂಬ ಎರಡನೆಯ ಪಾಠ ಆಗಿರಲಾರದು. ಅದೇ ಊರಿನ ಆರ್.ಜಿ. ಕರ್ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ಆಗಸ್ಟ್ 9ರಂದು ಕರ್ತವ್ಯದಲ್ಲಿದ್ದ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಅಪರಾಧಿಯೆಂದು ತೀರ್ಪಾದವನು ಪೊಲೀಸರ ನೆರವಿಗೆಂದು ಸೇರಿಸಿಕೊಂಡಿದ್ದ ಸಿವಿಕ್ ವಾಲಂಟಿಯರ್. ಇಂಥವರನ್ನು ಯಾವ ಕ್ರಮದಿಂದ ಆರಿಸುತ್ತೀರಿ, ಅವರ ಪೂರ್ವಾಪರವನ್ನು ಹೇಗೆ ವಿಚಾರಿಸುತ್ತೀರಿ ಎಂದು ಸುಪ್ರೀಂ ಕೋರ್ಟು ಆ ರಾಜ್ಯವನ್ನು ಕೇಳಬೇಕಾಯಿತು. ಕೇಳಿದ್ದು ಕೊಲೆಯಾದ ಮೇಲೆ.

ಕಲ್ಕತ್ತೆ ದೂರವಾಯಿತೆನ್ನುವವರಿಗೆ ನಮ್ಮ ಜಿಲ್ಲೆಯನ್ನೇ ತೋರಿಸೋಣ. 2024ರ ಮೇ 24ರ ರಾತ್ರಿ ಚನ್ನಗಿರಿಯ ಪೊಲೀಸ್ ಠಾಣೆಯ ಮೇಲೆಯೇ ಗುಂಪು ನುಗ್ಗಿತು; ವಾಹನಗಳು ಜಖಂ ಆದವು, ಪೊಲೀಸರು ಗಾಯಗೊಂಡರು. ಠಾಣೆಗೆ ಕರೆತಂದಿದ್ದ ಒಬ್ಬನ ಸಾವಿನಿಂದ ಹೊತ್ತಿಕೊಂಡ ಸಿಟ್ಟು ಅದು. ಆ ಪ್ರಕರಣದ ಸರಿ ತಪ್ಪುಗಳನ್ನು ನಾವಿಲ್ಲಿ ತೂಗುವುದಿಲ್ಲ. ಆದರೆ ತಿಂಗಳುಗಟ್ಟಲೆ ತರಬೇತಿ ಪಡೆದ ಪೊಲೀಸರಿಗೇ ಅಂಥ ರಾತ್ರಿ ಬಂದಾಗ ಕೈ ಸೋತರೆ, ಆಸ್ಪತ್ರೆಯಲ್ಲಿ ಹೆಣದ ಸುತ್ತ ಸಿಟ್ಟಿಗೆದ್ದ ನೂರು ಜನರನ್ನು ಬಡಿಗೆಯ ಬಲದಿಂದ ಒಬ್ಬನೇ ತಡೆಯಲೆಂದು ನಿರೀಕ್ಷಿಸುವುದು ಯಾವ ನ್ಯಾಯ? ಬಾಗಿಲು ಮುಚ್ಚಬೇಕೋ, ಮಾತನಾಡಬೇಕೋ, ಯಾರಿಗೆ ಮೊದಲು ಫೋನು ಮಾಡಬೇಕೋ ಅವನಿಗೆ ಯಾರು ಹೇಳಿಕೊಟ್ಟರು? ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕಿನ ಶಾಖೆಯಿಂದ 17 ಕಿಲೋಗೂ ಮೀರಿದ ಚಿನ್ನ ಕಳವಾಯಿತು. ಕಿಟಕಿಯ ಸರಳು ತೆಗೆದು ಒಳಗೆ ಬಂದವರು ಗ್ಯಾಸ್ ಕಟರಿನಿಂದ ಲಾಕರು ಕೊಯ್ದಿದ್ದರು. ಪೊಲೀಸರು ಐದು ತಿಂಗಳು ಬೆನ್ನು ಹತ್ತಿ, 2025ರಲ್ಲಿ ಆ ಚಿನ್ನವನ್ನು ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯಿಂದ ಎತ್ತಿ ತಂದರು. ಅವರ ಶ್ರಮಕ್ಕೆ ನಮ್ಮ ಮೆಚ್ಚುಗೆಯಿದೆ. ಆದರೆ ಅದು ರೈತರೂ ಸಣ್ಣ ವ್ಯಾಪಾರಿಗಳೂ ಅಡವಿಟ್ಟ ಚಿನ್ನ, ಹೆಂಡತಿಯ ಕೊರಳಿನಿಂದ ಬಂದದ್ದು. ಆ ಐದು ತಿಂಗಳು ಆ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದಿತ್ತು?

ಇನ್ನು ಆ ಮಾದರಿ ನಿಯಮಗಳಲ್ಲಿ ಒಂದು ಸಾಲಿದೆ. ಕಾವಲುಗಾರನು ಗುರುತಿನ ಪತ್ರಗಳಲ್ಲಿನ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಓದಿ ತಿಳಿಯಬಲ್ಲವನಾಗಿರಬೇಕಂತೆ. ಇರಲಿ, ಓದಲಿ. ಆದರೆ ಜಗಳೂರಿನ ಆಸ್ಪತ್ರೆಗೆ ಬರುವ ಮುದುಕಿಯ ಚೀಟಿ ಕನ್ನಡದಲ್ಲಿರುತ್ತದೆ, ಅವಳ ಅಳಲೂ ಕನ್ನಡದಲ್ಲಿರುತ್ತದೆ. ಅವಳ ಮಾತು ಕೇಳಿ ದಾರಿ ತೋರಿಸುವುದು ಒಂದು ವಿದ್ಯೆಯೆಂದು ದಿಲ್ಲಿಯಲ್ಲಿ ಕುಳಿತು ನಿಯಮ ಬರೆದವರಿಗೆ ಹೊಳೆದಂತಿಲ್ಲ. ಕಾರಿನಲ್ಲಿ ಬಂದವನಿಗೆ ಸಲಾಮು, ಕಾಲ್ನಡಿಗೆಯಲ್ಲಿ ಬಂದವನಿಗೆ ಗದರಿಕೆ, ಇದನ್ನು ನಾವು ದಿನವೂ ಕಾಣುತ್ತೇವೆ. ಕಾವಲುಗಾರನು ಪೊಲೀಸನಲ್ಲ, ಯಾರ ಮೇಲೂ ಕೈ ಮಾಡುವ ಅಧಿಕಾರ ಅವನಿಗಿಲ್ಲ ಎಂಬುದನ್ನು ಮೊದಲನೆಯ ದಿನವೇ ಅವನಿಗೆ ಹೇಳಬೇಕು. ಕನ್ನಡದಲ್ಲಿ ಹೇಳಬೇಕು. ಹಳೆಯ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ, ಮೊದಲು ಕಲಿತವರಿಗೂ ಆ ಪಾಠ ಇನ್ನೊಮ್ಮೆ ಆಗಲೇಬೇಕು.

ಈಗ ನಮ್ಮವರದೇ ಒಂದು ಅಂಜಿಕೆಗೆ ಉತ್ತರ ಹೇಳಬೇಕು. ತರಬೇತಿ, ಸರ್ಟಿಫಿಕೇಟು ಎಂದು ಪಟ್ಟು ಹಿಡಿದರೆ ಈಗ ನಿಂತಿರುವವರ ಅನ್ನಕ್ಕೇ ಕಲ್ಲು ಬೀಳುವುದಿಲ್ಲವೇ? ಈ ಅಂಜಿಕೆ ಸುಳ್ಳಲ್ಲ. ಹತ್ತು ವರ್ಷ ರಾತ್ರಿ ಪಾಳಿ ಮಾಡಿದವನನ್ನು ಎರಡು ಸೆಂಟಿಮೀಟರ್ ಎತ್ತರ ಸಾಲದೆಂದು ಹೊರಗೆ ಕಳಿಸುವ ಜಾಣರು ಇದ್ದೇ ಇರುತ್ತಾರೆ. ಗಿರಣಿಯಲ್ಲಿ ಬದಲಿ ಕಾರ್ಡಿನ ಮೇಲೆ ದುಡಿದವರಿಗೆ ಈ ಆಟ ಗೊತ್ತು. ಕೆಲಸ ಗೊತ್ತಿದ್ದರೂ ಕಾಗದವಿಲ್ಲವೆಂದು ಅವರನ್ನು ಗೇಟಿನ ಹೊರಗೆ ನಿಲ್ಲಿಸಿದ ದಿನಗಳಿದ್ದವು. ಆದುದರಿಂದಲೇ ನಾವು ಹೇಳುವುದು, ತರಬೇತಿ ಮೊದಲು ಸಿಗಬೇಕಾದದ್ದು ಈಗ ಬಾಗಿಲಲ್ಲಿರುವವರಿಗೆ. ಆ 20 ದಿನಗಳನ್ನು ಕೆಲಸದ ದಿನಗಳೆಂದೇ ಎಣಿಸಿ ಪೂರ್ತಿ ಕೂಲಿ ಕೊಡಬೇಕು. ಆ ಹಣವನ್ನು ಟೆಂಡರಿನ ದರದಲ್ಲಿ ಪೈಪೋಟಿಗೆ ಬಿಡದೆ, ಎಲ್ಲರಿಗೂ ಒಂದೇ ಎಂದು ಇಲಾಖೆಯೇ ಬೇರೆಯಾಗಿ ತೆಗೆದಿಡಬೇಕು. ಸರ್ಟಿಫಿಕೇಟು ಏಜೆನ್ಸಿಯವನ ಬೀರುವಿನಲ್ಲಿ ಅಲ್ಲ, ಕಾವಲುಗಾರನ ಜೇಬಿನಲ್ಲಿರಬೇಕು. ಏಜೆನ್ಸಿ ಬದಲಾದರೂ ಅದು ಅವನ ಜೊತೆ ಹೋಗಬೇಕು.

ಇದು ಆಗದ ಮಾತಲ್ಲ. ಮಹಾರಾಷ್ಟ್ರದಲ್ಲಿ 1981ರಲ್ಲೇ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯ್ದೆ ಆಯಿತು. ಅದರ ಮೇರೆಗೆ ಕಾವಲುಗಾರರ ಮಂಡಳಿಗಳು ಬಂದವು. ಕಾವಲುಗಾರ ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾನೆ, ಕೆಲಸ ಕೊಟ್ಟವನು ಹಣವನ್ನು ಮಂಡಳಿಗೆ ಕಟ್ಟುತ್ತಾನೆ, ಮಂಡಳಿ ಸಂಬಳ ಕೊಡುತ್ತದೆ. ಹೆಗಲ ಮೇಲೆ ಮೂಟೆ ಹೊರುವ ಮಾಥಾಡಿ ಹಮಾಲರು ಹೋರಾಡಿ 1969ರಲ್ಲಿ ಪಡೆದ ಕಾಯ್ದೆಯ ಜಾಡಿನಲ್ಲೇ ಇದು ಬಂದದ್ದು. ಕರ್ನಾಟಕಕ್ಕೆ ಅಂಥ ಮಂಡಳಿ ಬೇಡವೆನ್ನಲು ಯಾರ ಬಳಿ ಕಾರಣವಿದೆ? ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಗೃಹರಕ್ಷಕ ದಳಕ್ಕೆ 1962ರ ಕಾಯ್ದೆಯಿದೆ, ಅವರಿಗೆ ಕಲಿಸುವವರು ಜಿಲ್ಲೆಯಲ್ಲಿದ್ದಾರೆ. ಬೆಂಕಿಯ ಪಾಠಕ್ಕೆ ಅಗ್ನಿಶಾಮಕದವರು, ಪ್ರಥಮ ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಕಾನೂನಿಗೆ ಪೊಲೀಸರು ಇದ್ದಾರೆ.

ತರಗತಿಯನ್ನು ಮಾತ್ರ ದಾವಣಗೆರೆಯಲ್ಲಿ ಇಡಬಾರದು. ಜಗಳೂರಿನವನು, ಚನ್ನಗಿರಿಯವನು 20 ದಿನ ಬಸ್ ಹತ್ತಿ ಇಳಿದರೆ ಕೂಲಿಯಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತದೆ. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತವುಂಟು, ಗಂಡಸರಿಗಿಲ್ಲ. ಚನ್ನಗಿರಿಯಲ್ಲೊಂದು, ಜಗಳೂರಿನಲ್ಲೊಂದು, ಹೊನ್ನಾಳಿ ನ್ಯಾಮತಿಗಳಿಗೆ ಸೇರಿ ಒಂದು, ಹೀಗೆ ಮೂರು ಕಡೆ ತರಗತಿ ನಡೆಯಲಿ. ಮುಂದಿನ ಟೆಂಡರು ಪ್ರಕಟವಾದ ದಿನ ಅದರಲ್ಲಿ ತರಬೇತಿಯ ಹಣಕ್ಕೆ ಬೇರೆ ಸಾಲು ಇದೆಯೋ ಇಲ್ಲವೋ ಎಂಬುದನ್ನೇ ನಾವು ಮೊದಲು ಹುಡುಕುವೆವು. ಇಲ್ಲದಿದ್ದರೆ ಆ ಟೆಂಡರನ್ನು ಕರೆದ ಇಲಾಖೆಯ ಹೆಸರನ್ನು ಈ ಪುಟದಲ್ಲೇ ಅಚ್ಚು ಹಾಕುವೆವು.