ಮುರಿಯುವ ಮೊದಲೇ ಸ್ಟೀರಿಂಗ್ ಬಿಚ್ಚಿ ನೋಡಿ

2018ರ ಏಪ್ರಿಲ್‌ನಲ್ಲಿ ನಮ್ಮ ನೌಕಾಪಡೆಯ ಹಾಯಿದೋಣಿ ಐಎನ್‌ಎಸ್‌ವಿ ತಾರಿಣಿ ಗೊತ್ತುಪಡಿಸದ ಬಂದರೊಂದಕ್ಕೆ, ಮಾರಿಷಸ್ಸಿನ ಪೋರ್ಟ್ ಲೂಯಿಗೆ, ಹೋಗಬೇಕಾಯಿತು. ಸ್ಟೀರಿಂಗ್ ಕೈಕೊಟ್ಟಿತ್ತು. ವರ್ತಿಕಾ ಜೋಶಿ ಮುಂದಾಳತ್ವದ ಆರು ಮಂದಿ ಅಧಿಕಾರಿಣಿಯರು ಆಗ ಭೂಪ್ರದಕ್ಷಿಣೆಯ ಕೊನೆಯ ಹಂತದಲ್ಲಿದ್ದರು. ದುರಸ್ತಿ ಮಾಡಿಸಿಕೊಂಡು ಮೇ 21ಕ್ಕೆ ಗೋವಾ ಮುಟ್ಟಿದರು. ದೋಣಿ ನೌಕಾಪಡೆಗೆ ಸೇರಿದ್ದು 2017ರಲ್ಲಿ, ಅಂದರೆ ಅದಿನ್ನೂ ಹೊಸದು.

ಹೊಸದರ ಪಾಡೇ ಹೀಗಾದರೆ, 1970–80ರ ದಶಕದ ಫೈಬರ್‌ಗ್ಲಾಸ್ ದೋಣಿಗಳನ್ನು ಅಗ್ಗಕ್ಕೆ ಕೊಂಡು ಕಡಲಿಗೆ ಇಳಿಯುವವರು ಏನು ನಂಬಿ ಹೊರಡುತ್ತಾರೆ? ಫೈಬರ್ ಮೈ ಬೇಗ ಹಾಳಾಗದು, ಬಣ್ಣ ಬಳಿದರೆ ನಿನ್ನೆ ಕಟ್ಟಿದಂತೆ ಕಾಣುತ್ತದೆ. ಚಕ್ರ ತಿರುಗಿಸಿದರೆ ತಿರುಗುತ್ತದೆ. ಅದರ ಕೆಳಗಿನ ಸರಪಳಿ, ಉಕ್ಕಿನ ತಂತಿಹಗ್ಗ, ರಾಟೆಗಳು, ಚುಕ್ಕಾಣಿಯ ದಂಡಕ್ಕೆ ಬಿಗಿದ, ಹಗ್ಗ ಎಳೆದಾಗ ದಂಡವನ್ನು ತಿರುಗಿಸುವ ಕ್ವಾಡ್ರಂಟ್ ಮಾತ್ರ ಕತ್ತಲಲ್ಲಿ, ಉಪ್ಪುತೇವದಲ್ಲಿ, ಯಾರ ಕಣ್ಣಿಗೂ ಬೀಳದೆ ಸವೆಯುತ್ತಿರುತ್ತವೆ.

ಆದರೆ ಇವು ಹೇಳದೆ ಕೇಳದೆ ಮುರಿಯುವುದು ಅಪರೂಪ. ತಂತಿಹಗ್ಗದ ಮೇಲೆ ಟಿಶ್ಯೂ ಕಾಗದ ಹಿಡಿದು ಎಳೆಯಿರಿ (ಬರಿಗೈ ಬೇಡ, ರಕ್ತ ಬರುತ್ತದೆ). ಕಾಗದದ ಚೂರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಹರಿದಿದೆ. ರಾಟೆಯ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ರಾಟೆ ಬಿಗಿದುಕೊಂಡಿದೆ ಅಥವಾ ನೇರಕ್ಕಿಲ್ಲ, ಹಗ್ಗವನ್ನು ಅರೆಯುತ್ತಿದೆ. ದೋಣಿಯನ್ನು ದಡಕ್ಕೆ ಎತ್ತಿದ ಮೇಲೂ ಚುಕ್ಕಾಣಿ ಹಲಗೆಯಿಂದ ದಿನಗಟ್ಟಲೆ ಕಂದು ನೀರು ಒಸರುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಆಮ್ಲಜನಕ ಸಿಕ್ಕುವವರೆಗೆ ಮಾತ್ರ. ಹಲಗೆಯೊಳಗಿನ ಒದ್ದೆ ಫೋಮಿನಲ್ಲಿ ಗಾಳಿಯಿಲ್ಲ, ಅಲ್ಲಿ ದಂಡದ ಬೆಸುಗೆಗಳು ಒಳಗೊಳಗೇ ತಿಂದುಹೋಗುತ್ತವೆ.

ಇಲ್ಲಿ ನನ್ನ ತಕರಾರಿರುವುದು ಅರೆಬರೆ ದುರಸ್ತಿಯ ಬಗ್ಗೆ. ಹರಿದ ಹಗ್ಗ ಬದಲಿಸಿ, ಅದನ್ನು ಹರಿದ ರಾಟೆಯನ್ನು ಅಲ್ಲೇ ಬಿಟ್ಟರೆ ಹೊಸ ಹಗ್ಗಕ್ಕೂ ಅದೇ ಗತಿ. ಎರಡನ್ನೂ ಒಟ್ಟಿಗೆ ಬದಲಿಸಿ. ಹಗ್ಗ ಇನ್ನೂ ಗಟ್ಟಿಯಿರುವಾಗಲೇ, ಐದಾರು ವರ್ಷಕ್ಕೊಮ್ಮೆ. ಹಳೆಯದರಲ್ಲಿ ಎಳೆ ಹರಿದಿರದಿದ್ದರೆ ಸುತ್ತಿ ದೋಣಿಯಲ್ಲೇ ಇಡಿ, ಅಳತೆಗೆ ಸರಿಯಾದ ಬದಲಿ ಅದು. ಹೊಸ ಹಗ್ಗ ತುಸು ಹಿಗ್ಗುತ್ತದೆ, ಮೊದಲ ಪಯಣದ ನಂತರ ಮತ್ತೆ ಬಿಗಿಯಬೇಕು. ಕಂಪನಿ ಮುಚ್ಚಿ ಬಿಡಿಭಾಗ ಸಿಗದಿದ್ದಾಗ ಲೇತ್ ಅಂಗಡಿಯಲ್ಲಿ ಮಾಡಿಸುವುದು ತಪ್ಪಲ್ಲ. ಆದರೆ 316 ದರ್ಜೆಯ ಉಕ್ಕನ್ನೇ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. 304 ನೋಡಲು ಹಾಗೆಯೇ ಇರುತ್ತದೆ, ಅಯಸ್ಕಾಂತ ಹಿಡಿದರೂ ಗೊತ್ತಾಗದು, ಉಪ್ಪುನೀರಿಗೆ ಬೇಗ ಸೋಲುತ್ತದೆ.

1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನ ಬಿರುಗಾಳಿಯಲ್ಲಿ 15 ಮಂದಿ ಸ್ಪರ್ಧಿಗಳು ಸತ್ತರು. ಅಲ್ಲಿ ಹಲವು ದೋಣಿಗಳ ಚುಕ್ಕಾಣಿ ಮುರಿದಿತ್ತು, ಆಗಷ್ಟೇ ಬಳಕೆಗೆ ಬಂದಿದ್ದ ಕಾರ್ಬನ್ ಫೈಬರ್ ದಂಡದವೂ ಅವುಗಳಲ್ಲಿ ಸೇರಿದ್ದವು. ಇಂದು ದೂರಸಾಗರದ ರೇಸುಗಳ ನಿಯಮದಲ್ಲಿ ತುರ್ತು ಟಿಲ್ಲರ್ (ಚಕ್ರ ಕೈಕೊಟ್ಟಾಗ ಚುಕ್ಕಾಣಿಯ ದಂಡಕ್ಕೆ ನೇರವಾಗಿ ಜೋಡಿಸುವ ಹಿಡಿಕೋಲು) ಕಡ್ಡಾಯ. ಚುಕ್ಕಾಣಿಯೇ ಇಲ್ಲದಿದ್ದರೂ ದೋಣಿ ನಡೆಸುವ ದಾರಿಯೊಂದನ್ನು ಮೊದಲೇ ಪರೀಕ್ಷಿಸಿರಬೇಕು. ರೇಸಿಗೆ ಹೋಗದವರಿಗೆ ಇದನ್ನು ಹೇಳುವವರಿಲ್ಲ. ತುರ್ತು ಟಿಲ್ಲರ್ ಲಾಕರಿನ ತಳದಲ್ಲಿ ಬಿದ್ದಿರುತ್ತದೆ. ಜೋಡಿಸಲು ಹೋದರೆ ಚಕ್ರದ ಕಂಬಕ್ಕೆ ತಾಗುತ್ತದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ರೂಢಿ ಬಂದರಿನಲ್ಲೇ ನಿಲ್ಲಬೇಕು.

ತಾರಿಣಿ 2025ರ ಮೇ ತಿಂಗಳಲ್ಲಿ ನೌಕಾಪಡೆಯ ಅಧಿಕಾರಿಣಿಯರಾದ ದಿಲ್ನಾ ಮತ್ತು ರೂಪಾ ಅವರೊಂದಿಗೆ ಎರಡನೆಯ ಪ್ರದಕ್ಷಿಣೆ ಮುಗಿಸಿ ಬಂದಿದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ಅದರ ಅಕ್ಕ ‘ಮ್ಹಾದೆಯಿ’ ನೌಕಾಪಡೆಗೆ ಸೇರಿದ್ದು 2009ರಲ್ಲಿ. ಅವನ್ನು ನೋಡಿಕೊಳ್ಳಲು ನೌಕಾಪಡೆಯಿದೆ. ಖಾಸಗಿ ದೋಣಿಗಳಿಗೆ ಮಾಲೀಕರೇ ಗತಿ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೇಗೂ ಕಡಲಿಗೆ ಇಳಿಯುವಂತಿಲ್ಲ. ಈ ಮಳೆಗಾಲದಲ್ಲಿ ಬಣ್ಣದ ಡಬ್ಬಿ ತೆರೆಯುವ ಮೊದಲು ಸ್ಟೀರಿಂಗ್ ಮುಚ್ಚಳ ತೆಗೆಯಿರಿ.