ಪಟ್ಟ ಎಮ್ಮೆಗೆ, ಗಾಯರಾಣ ಯಾರಿಗೆ?

ಎಮ್ಮೆಗೆ ಪಟ್ಟ ಕಟ್ಟಿದಿರಿ. ಶಹಬ್ಬಾಸ್! 2021ರಲ್ಲಿ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ‘ಧಾರವಾಡಿ’ ಎಮ್ಮೆಯನ್ನು ದೇಶದ ಅಧಿಕೃತ ತಳಿಯೆಂದು ದಾಖಲಿಸಿಕೊಂಡಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು. ಜಿಲ್ಲೆಯ ಎದೆ ಉಬ್ಬಿತು. ಈಗ ಒಂದೇ ಪ್ರಶ್ನೆ, ಸಾಹೇಬ್ರ. ಆ ಎಮ್ಮಿ ಮೇಯೂದು ಎಲ್ಲಿ? ನಿಮ್ಮ ಕಚೇರಿ ಕಡತದಾಗೇನು?

ಈ ಎಮ್ಮೆ 2021ರಲ್ಲಿ ಹುಟ್ಟಿದ್ದಲ್ಲ. ಕಪ್ಪು ಮೈ, ಅರ್ಧಚಂದ್ರದ ಕೋಡು. ಗೌಳಿ ಗಲ್ಲಿಯ ಕೊಟ್ಟಿಗೆಯಿಂದ ನವಲಗುಂದದ ಎರಿ ಹೊಲದ ತನಕ ತಲೆಮಾರುಗಳಿಂದ ಜನ ಇದನ್ನು ಸಾಕಿದ್ದಾರೆ, ಹಿಂಡಿದ್ದಾರೆ, ಮಾರಿ ಮಗಳ ಮದುವೆ ಮಾಡಿದ್ದಾರೆ. ಜನರ ಬಾಯಲ್ಲಿ ಅದು ಜವಾರಿ ಎಮ್ಮೆ. 2021ರ ತನಕ ಸರ್ಕಾರದ ಕಾಗದದಲ್ಲಿ? ತಳಿಯೇ ಅಲ್ಲ!

ಈ ಅವಮಾನದ ಇತಿಹಾಸ ಕೇಳಿ. 1970ರ ದಶಕದ ಆರಂಭದಲ್ಲಿ ಎಮ್ಮೆ ಸುಧಾರಣೆಯ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ಧಾರವಾಡಕ್ಕೇ ಬಂತು. ಸಾಕಿದ್ದು ಯಾವ ಎಮ್ಮೆಯನ್ನು? ಗುಜರಾತದ ಸುರ್ತಿಯನ್ನು. ಬೇಲಿಯ ಆಚೆ ನಿಂತ ಜವಾರಿ ಎಮ್ಮೆಗೆ ಹೆಸರಿಲ್ಲ, ವಂಶಾವಳಿಯಿಲ್ಲ. ಹೆಸರು ಸಿಗಲು ಅರ್ಧ ಶತಮಾನ ಹಿಡಿಯಿತು. ಅಲ್ಲಿಯವರೆಗೆ ಸರ್ಕಾರದ ನೀತಿ ಒಂದೇ. ಇಂಥ ಎಮ್ಮೆಗಳಿಗೆ ಮುರ್ರಾ ವೀರ್ಯ ಕೊಡಿ, ಸುರ್ತಿ ವೀರ್ಯ ಕೊಡಿ, ‘ಮೇಲ್ದರ್ಜೆಗೆ’ ಏರಿಸಿ. ಅಂದರೆ ಅಳಿಸಿ. ಅಳಿಸಲು ಅನುದಾನ. ಅಳಿಯದೆ ಉಳಿದದ್ದಕ್ಕೆ ಸಂಭ್ರಮ. ಎರಡೂ ಸರ್ಕಾರದ್ದೇ.

ಪೇಡಾದ ಕಥೆಯೂ ಇದೇ. ಉನ್ನಾವದಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನದ ಕೈಯಲ್ಲಿ ಹುಟ್ಟಿದ ಸಿಹಿ ಈ ಊರಿನ ಹೆಸರನ್ನು ದೇಶದ ತುಂಬ ಹೊತ್ತುಕೊಂಡು ಹೋಯಿತು. ಅದಕ್ಕೂ ಜಿಐ ಪಟ್ಟ ಬಂದಿದೆ. ಆ ರುಚಿಯ ಬುಡದಲ್ಲಿರುವುದು ನಮ್ಮ ಎಮ್ಮೆಯ ಗಟ್ಟಿ ಹಾಲು. ಪೇಡಾಕ್ಕೊಂದು ಪಟ್ಟ, ಎಮ್ಮೆಗೊಂದು ಪಟ್ಟ. ಹುಲ್ಲಿಗೆ? ಹುಲ್ಲಿಗೆ ಜೆಸಿಬಿ.

ಕಾನೂನು ಇಲ್ಲವೆಂದು ಯಾರೂ ಬಾಯಿ ಬಿಡಬೇಡಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರಿಂದ ಇದೆ. 1966ರ ನಿಯಮಗಳಲ್ಲಿ 97ನೇ ನಿಯಮ ತೆಗೆದು ಓದಿ. ಪ್ರತಿ ನೂರು ದನಕ್ಕೆ 12 ಹೆಕ್ಟೇರ್ ಸರ್ಕಾರಿ ಜಮೀನನ್ನು ಉಚಿತ ಮೇವಿಗಾಗಿ ಬಿಡಬೇಕು. ಒಂದು ದನಕ್ಕೆ ಹೆಚ್ಚುಕಡಿಮೆ 12 ಗುಂಟೆ. ಮೈಸೂರು ಕಡೆ ಗೋಮಾಳ ಅನ್ನುತ್ತಾರೆ, ನಾವು ಗಾಯರಾಣ ಅನ್ನುತ್ತೇವೆ. ಹೆಸರು ಯಾವುದಾದರೂ ಇರಲಿ, ಅದು ದನದ ಪಾಲು. ತಹಶೀಲ್ದಾರರ ಅಪ್ಪನ ಆಸ್ತಿಯಲ್ಲ. ಶಾಸಕರ ಮಾವನ ಬಳುವಳಿಯಲ್ಲ.

ಈಗ ಆ ನಿಯಮದ ಹೊಟ್ಟೆಯಲ್ಲೇ ಕೂತಿರುವ ಮೋಸ ನೋಡಿ. ದನದ ಲೆಕ್ಕಕ್ಕಿಂತ ಹೆಚ್ಚು ಗಾಯರಾಣ ಇದ್ದರೆ ಅದು ‘ಹೆಚ್ಚುವರಿ’. ಹೆಚ್ಚುವರಿಯಾದರೆ ಹಂಚಬಹುದು. ಸರಿ, ಮೊದಲು ಅಂಚಿನಿಂದ ಒಂದಿಷ್ಟು ಒತ್ತುವರಿಯಾಗುತ್ತದೆ. ಯಾರೂ ಕೇಳುವುದಿಲ್ಲ. ಮೇವು ಕಡಿಮೆಯಾಗುತ್ತದೆ. ಬಡವ ಎಮ್ಮೆ ಮಾರುತ್ತಾನೆ. ದನದ ಸಂಖ್ಯೆ ಇಳಿಯುತ್ತದೆ. ಆಗ ಅಧಿಕಾರಿ ಕನ್ನಡಕ ಏರಿಸಿ ಬರೆಯುತ್ತಾನೆ, ‘ಈ ಊರಿಗೆ ಇಷ್ಟು ಗಾಯರಾಣದ ಅಗತ್ಯವಿಲ್ಲ’. ಮತ್ತಷ್ಟು ಮಂಜೂರು. ಮತ್ತಷ್ಟು ಎಮ್ಮೆ ಸಂತೆಗೆ. ನೆಲ ಕಸಿದು ದನ ಕಡಿಮೆ ಮಾಡಿದಿರಿ, ದನ ಕಡಿಮೆಯಾಯಿತೆಂದು ನೆಲ ಕಸಿದಿರಿ. ಇದು ಆಡಳಿತವೇನ್ರೀ? ಹಗಲುದರೋಡೆ!

ಅಂಕಿ ಬೇಕೇ? 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಎಮ್ಮೆ, ಕೋಣಗಳು 34 ಲಕ್ಷ ದಾಟಿದ್ದವು. 2019ರ ಹೊತ್ತಿಗೆ 30 ಲಕ್ಷಕ್ಕೆ ಬಂದು ನಿಂತವು. ಅದೇ ಅವಧಿಯಲ್ಲಿ ದೇಶದ ಒಟ್ಟು ಎಮ್ಮೆಗಳು ತುಸು ಹೆಚ್ಚಿದವು. ದೇಶದಲ್ಲಿ ಏರಿದ್ದು ನಮ್ಮಲ್ಲಿ ಯಾಕೆ ಇಳಿಯಿತು? ಉತ್ತರ ಹೇಳಬೇಕಾದವರು ವಿಧಾನಸೌಧದಲ್ಲಿ ಕೂತಿದ್ದಾರೆ. ಅವರಿಗೆ ಪ್ರಶ್ನೆಯೇ ಕೇಳಿಸಿಲ್ಲ.

ಸುಪ್ರೀಂ ಕೋರ್ಟು ಹೇಳಿಲ್ಲವೇ? ಹೇಳಿದೆ. 2011ರ ಜನವರಿ 28ರಂದು, ಜಗಪಾಲ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ. ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಿ, ಅದನ್ನು ಗ್ರಾಮಸ್ಥರ ಸಾಮೂಹಿಕ ಬಳಕೆಗೆ ಮರಳಿಸುವ ಯೋಜನೆ ಹಾಕಿ ಎಂದು ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ಒಂದೂವರೆ ದಶಕ ಆಗುತ್ತ ಬಂತು. ನಿಮ್ಮೂರ ಗಾಯರಾಣ ಮರಳಿತೇ? ಎಷ್ಟು ಎಕರೆ? ಬಡವನ ಗುಡಿಸಲಿನ ಮೇಲೆ ಒಂದೇ ರಾತ್ರಿಯಲ್ಲಿ ಓಡುವ ಬುಲ್ಡೋಜರ್ ದೊಡ್ಡವರ ತಂತಿಬೇಲಿಯ ಮುಂದೆ ಯಾಕೆ ಕೆಟ್ಟು ನಿಲ್ಲುತ್ತದೆ?

ಈ ನೆಲಕ್ಕೆ ಇದು ಹೊಸ ಕಳ್ಳತನವೂ ಅಲ್ಲ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳ 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವ ಹುನ್ನಾರ ಅದು. ದನ ಮೇಯುವ ನೆಲದಲ್ಲಿ ದನ ಮೂಸದ ಗಿಡ! ಜನ ಸುಮ್ಮನಿದ್ದರೇ? ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ಅಲೆಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತರು. ಜನಕ್ಕೂ ದನಕ್ಕೂ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿಕೊಂಡಿತು.

ಅಂಥ ಜಿಲ್ಲೆಯವರು ನಾವು. ಈಗ ಯಾಕೆ ಬಾಯಿಗೆ ಬೀಗ?

ನೀರಿಗೆ ಬನ್ನಿ. ಎಮ್ಮೆಗೆ ಬೆವರು ಗ್ರಂಥಿ ಕಡಿಮೆ. ಬಿಸಿಲಿಗೆ ಅದು ನೀರಿಗೆ ಬೀಳಲೇಬೇಕು. ಎಲ್ಲಿ ಬೀಳಬೇಕು? ಉಣಕಲ್ ಕೆರೆಗೆ ಚರಂಡಿ ನೀರು ಬಿಟ್ಟಿರಿ. ಕೆಲಗೇರಿ ಕೆರೆಗೂ ಅದೇ ಗತಿ. ಅಂತರಗಂಗೆ ನೀರಿನ ಮೇಲೆ ಹಾಸಿಗೆ ಹಾಸಿತು. ಆಮೇಲೆ ಕೋಟಿ ಕೋಟಿ ಸುರಿದು ಕೆರೆ ‘ಅಭಿವೃದ್ಧಿ’. ಸುತ್ತ ಬೇಲಿ, ಟೈಲ್ಸಿನ ದಾರಿ, ಬಣ್ಣದ ದೀಪ. ಬೊಜ್ಜು ಕರಗಿಸುವವರಿಗೆ ಕೆರೆ ಇದೆ. ಮೈ ತಣಿಸಿಕೊಳ್ಳಬೇಕಾದ ಎಮ್ಮೆಗೆ ಪ್ರವೇಶವಿಲ್ಲ. ಸ್ಮಾರ್ಟ್ ಸಿಟಿಯ ನಕ್ಷೆ ಬರೆದ ಜಾಣರೇ, ಈ ಊರಿನಲ್ಲಿ ಗೌಳಿಗರಿದ್ದಾರೆ, ಅವರಿಗೆ ಎಮ್ಮೆಗಳಿವೆ ಎಂಬುದು ನಿಮಗೆ ಯಾರೂ ಹೇಳಲಿಲ್ಲವೇ? ಹೇಳಿದರೂ ಕೇಳಲಿಲ್ಲವೇ?

ಮೇಯಲು ನೆಲವಿಲ್ಲದ ದನ ಎಲ್ಲಿ ಹೋಗುತ್ತದೆ? ಕಸಕ್ಕೆ. ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡ ನೋಡಿ. ಧಾರವಾಡದ ಹೊಸಯಲ್ಲಾಪುರದ ಗುಡ್ಡ ನೋಡಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಗಿದ್ದು 2016ರಲ್ಲಿ. ನಿನ್ನೆ ಕಾಯಿಪಲ್ಲೆ ತಂದದ್ದು ಯಾವುದರಲ್ಲಿ, ಅಕ್ಕಾವ್ರ? ಅನ್ನ ಉಳಿಯಿತೆಂದು ಅದೇ ಚೀಲಕ್ಕೆ ಗಂಟು ಹಾಕಿ ಬೀದಿಗೆ ಎಸೆದವರು ಯಾರು, ಅಣ್ಣಾವ್ರ? ದನ ಗಂಟು ಬಿಚ್ಚಿ ತಿನ್ನುವುದಿಲ್ಲ. ಚೀಲ ಸಮೇತ ನುಂಗುತ್ತದೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಉಂಡೆಗಟ್ಟಿ ಅದು ಸಾಯುವಾಗ ಪಾಪ ಯಾರ ತಲೆಗೆ?

ಹೊಲದ ಮೇವೂ ಕೈಬಿಟ್ಟಿತು. ಬಿಳಿಜೋಳ ಬಿತ್ತಿದಾಗ ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ. ಬಣವಿ ಒಟ್ಟಿದ ಮನೆ ಬೇಸಿಗೆಗೆ ಹೆದರುತ್ತಿರಲಿಲ್ಲ. ಈಗ ಜಿಲ್ಲೆಯ ಮುಂಗಾರು ಹೊಲದ ತುಂಬ ಗೋವಿನಜೋಳ, ಸೋಯಾ. ಕಾಳು ಕೋಳಿ ಆಹಾರದ ಕಾರ್ಖಾನೆಗೆ, ಎಥೆನಾಲ್ ಘಟಕಕ್ಕೆ. ರೈತನನ್ನು ಬೈದು ಏನು ಫಲ? ಜೋಳಕ್ಕೆ ಬೆಲೆ ಕೊಡದವರು ಯಾರು? 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಎಂದು ಸರ್ಕಾರವೇ ಸಾರಿತು. ಆಗ ಅಧಿಕಾರಿಗಳಿಗೆ ಮೇವು ಬ್ಯಾಂಕ್ ನೆನಪಾಯಿತು. ಅಯ್ಯಾ, ಪ್ರತಿ ಊರಿಗೂ ಒಂದು ಮೇವು ಬ್ಯಾಂಕ್ ಇತ್ತು. ಅದನ್ನೇ ನೀವು ಹಂಚಿ ತಿಂದಿರಿ.

ಇಷ್ಟೆಲ್ಲ ನಡೆಯುವಾಗ ಹೊರಗಿನ ಜಗತ್ತು ಏನು ಹುಡುಕುತ್ತಿದೆ? ಮನುಷ್ಯ ಉಂಟುಮಾಡುವ ಹಸಿರುಮನೆ ಅನಿಲದಲ್ಲಿ ಶೇ. 14.5 ಜಾನುವಾರು ಸಾಕಣೆಯದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತು. ಅಮೆಜಾನ್ ಕಾಡು ಕಡಿದು ಹುಲ್ಲುಗಾವಲು ಮಾಡುತ್ತಾರೆ, ಸೋಯಾ ಬೆಳೆದು ಹಂದಿ ಕೋಳಿಗೆ ಹಾಕುತ್ತಾರೆ. ದನದ ಮಿಥೇನ್ ಮೇಲೆ 2030ರಿಂದ ತೆರಿಗೆ ಹಾಕಲು ಡೆನ್ಮಾರ್ಕ್ ಹೊರಟಿದೆ. ನಮ್ಮ ಎಮ್ಮೆಯೂ ಮೆಲುಕು ಹಾಕುತ್ತದೆ, ಮಿಥೇನ್ ಬಿಡುತ್ತದೆ. ಹೌದು. ಆದರೆ ಅದಕ್ಕಾಗಿ ಯಾರೂ ಕಾಡು ಕಡಿಯಬೇಕಿಲ್ಲ. ಮನುಷ್ಯ ತಿನ್ನದ ಕಣಿಕೆ, ಹೊಟ್ಟು, ಹಿಂಡಿ ತಿನ್ನುತ್ತದೆ. ಹಾಲು ಕೊಡುತ್ತದೆ. ಸಗಣಿ ಹೊಲಕ್ಕೆ ಹೋಗುತ್ತದೆ. ಜಗತ್ತು ಕೋಟಿಗಟ್ಟಲೆ ಸುರಿದು ಹುಡುಕುವ ಸುಸ್ಥಿರ ಪಶುಪಾಲನೆ ನಮ್ಮ ಗೌಳಿಗರ ಕೊಟ್ಟಿಗೆಯಲ್ಲೇ ಇತ್ತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಎಂದು ಸಾರಿದೆ. ಕಲಘಟಗಿ ಕಾಡಂಚಿನ ಗೌಳಿ ದಡ್ಡಿಗೆ ಆ ಸುದ್ದಿ ಮುಟ್ಟಿಸುವವರು ಯಾರು? ಅವರಿಗೆ ಮುಟ್ಟುವುದು ‘ಕಾಡಿನಾಗ ಎಮ್ಮಿ ಬಿಡಬ್ಯಾಡ್ರಿ’ ಎಂಬ ಗದರಿಕೆ ಮಾತ್ರ.

ರಾಜಕಾರಣಿಗಳಿಗೆ ಒಂದು ಮಾತು. ಗೋವಿನ ಹೆಸರಿನಲ್ಲಿ 2020ರಲ್ಲಿ ಕಾಯ್ದೆ ತಂದಿರಿ. ಒಂದು ಬಣ ಮೇಜು ಕುಟ್ಟಿತು, ಇನ್ನೊಂದು ಬಣ ಪ್ರತಿ ಹರಿಯಿತು. ಭಾರೀ ಗದ್ದಲ. ಹುಲ್ಲಿನ ಹೆಸರಿನಲ್ಲಿ ಒಂದು ದಿನ, ಒಂದು ತಾಸು ಯಾರಾದರೂ ಸದನದ ಬಾವಿಗೆ ಇಳಿದಿರಾ? ದನ ಹೇಗೆ ಸಾಯಬೇಕೆಂದು ಇಷ್ಟು ಜಗಳ. ದನ ಹೇಗೆ ಬದುಕಬೇಕೆಂದು ಕೇಳುವವರೇ ಇಲ್ಲ.

ಓದುಗರೇ, ನಗಬೇಡಿ. ನಿಮ್ಮ ಕೈಗೂ ಮಣ್ಣಿದೆ. ಸೈಟು ಕೊಳ್ಳುವಾಗ ಆ ನೆಲ ಮೊದಲು ಏನಾಗಿತ್ತೆಂದು ಕೇಳಿದಿರಾ? ಪೇಡಾ ಪೆಟ್ಟಿಗೆ ಕಟ್ಟಿಸುವಾಗ ಹಾಲು ಯಾವ ಎಮ್ಮೆಯದೆಂದು ಕೇಳಿದಿರಾ? ಗೌಳಿಗರ ಎಮ್ಮೆ ರಸ್ತೆಗೆ ಬಂದರೆ ಹಾರ್ನ್ ಹೊಡೆದು ಬೈದಿರಿ. ಅದರ ದಾರಿಯ ಮೇಲೆ ರಸ್ತೆ ಹಾಕಿದವರನ್ನು ಬೈದಿರಾ?

ಇನ್ನು ಬೇಡಿಕೆ. ಬಿನ್ನಹವಲ್ಲ, ಬೇಡಿಕೆ. ಪ್ರತಿ ಊರಿನ ಗಾಯರಾಣ ಅಳೆಯಿರಿ. ಸರ್ವೆ ನಂಬರು, ಎಕರೆ, ಒತ್ತುವರಿದಾರನ ಹೆಸರು ಪಂಚಾಯ್ತಿ ಗೋಡೆಯ ಮೇಲೆ ಬರೆಯಿರಿ. ‘ಹೆಚ್ಚುವರಿ’ ಎಂಬ ನೆಪದ ಮಂಜೂರಾತಿ ನಿಲ್ಲಿಸಿ. ಪ್ರತಿ ಪಶು ಆಸ್ಪತ್ರೆಯಲ್ಲೂ ಧಾರವಾಡಿ ಕೋಣದ ವೀರ್ಯ ಸಿಗಲಿ. ಧಾರವಾಡಿ ಎಮ್ಮೆಯ ಹಾಲಿಗೆ ಬೇರೆ ದರ ಕಟ್ಟಿ. ಪೇಡಾ ಮಾರುವವರು ಹಾಲಿನ ಮೂಲ ಬರೆದು ಹಚ್ಚಲಿ. ಊರಿಗೊಂದು ಕೆರೆಯ ಒಂದು ದಂಡೆ ಎಮ್ಮೆಗೆ ಬಿಡಿ.

ಅವರು ತಾವಾಗಿ ಏನೂ ಮಾಡುವುದಿಲ್ಲ. ಇಂದಿನವರೆಗೂ ಮಾಡಿಲ್ಲ. ಅದಕ್ಕೇ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಕಟ್ಟಿ ತಹಶೀಲ್ದಾರ್ ಕಚೇರಿಗೆ ಹೋಗಿ. ನಿಮ್ಮೂರ ಗಾಯರಾಣ 1966ರಲ್ಲಿ ಎಷ್ಟಿತ್ತು, ಇಂದು ಎಷ್ಟಿದೆ, ನಡುವಿನದನ್ನು ತಿಂದವರು ಯಾರು ಎಂದು ಕೇಳಿ. ಉತ್ತರ ಕೊಡದಿದ್ದರೆ ಎಮ್ಮೆ ಹೊಡೆದುಕೊಂಡು ಕಚೇರಿಯ ಅಂಗಳಕ್ಕೇ ನಡೆಯಿರಿ. ಅಲ್ಲಿ ಹುಲ್ಲುಹಾಸು ಚೆನ್ನಾಗಿ ಬೆಳೆಸಿದ್ದಾರೆ.