ಜೀಬ್ರಾ ಎಲ್ಲಿದೆ ಸಾರ್?



ಮೊನ್ನೆ ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ರಸ್ತೆ ಸುರಕ್ಷತೆ ಕಾರ್ಯಕ್ರಮ. ನನ್ನನ್ನೂ ಕರೆದಿದ್ರು, ಹೋಗಿ ಹಿಂದೆ ಕೂತೆ. ಬಂದಿದ್ದ ಸಾಹೇಬ್ರು ಕೆಂಪು-ಹಳದಿ-ಹಸಿರು ಪಾಠ ಮಾಡಿದ್ರು. ಜೀಬ್ರಾ ಕ್ರಾಸಿಂಗ್‌ನಲ್ಲೇ ದಾಟ್ತೀವಿ, ಫುಟ್‌ಪಾತ್ ಮೇಲೇ ನಡೀತೀವಿ ಅಂತ ಮಕ್ಕಳ ಕೈಲಿ ಪ್ರಮಾಣ ಮಾಡಿಸಿದ್ರು. ನಮ್ಮ ಕೇರಿ ಹುಡುಗಿ, ಮೂರನೇ ಕ್ಲಾಸು, ಎದ್ದು ನಿಂತು ಕೇಳಿದ್ಲು: "ಜೀಬ್ರಾ ಎಲ್ಲಿದೆ ಸಾರ್?"

ಎಲ್ಲರೂ ನಕ್ಕರು. ಸಾಹೇಬ್ರೂ ನಕ್ಕರು.

ನಮ್ಮಲ್ಲಿ ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ, ನಡುವೆ ನಾಲ್ಕು ಪಥದ ಹೆದ್ದಾರಿ. ಶಾಲೆ, ರೇಷನ್ ಅಂಗಡಿ, ಬಸ್ ಸ್ಟಾಪು ಎಲ್ಲಾ ಊರ ಕಡೆಗೇ. ಅಂಡರ್‌ಪಾಸ್ ಇರೋದು ಒಂದೂವರೆ ಕಿಲೋಮೀಟರ್ ಆಚೆ. ಮಳೆ ಬಂದ್ರೆ ಅದರೊಳಗೆ ಮೊಣಕಾಲುದ್ದ ನೀರು. ಕೇರೀನ ಊರಾಚೆ ಇಟ್ಟ ಗೆರೆ ಹಳೇದು, ಹೈವೇ ಬಂದು ಅದರ ಮೇಲೆ ಡಾಂಬರು ಹಾಕಿತು.

ಹೋದ ವರ್ಷ ಕೇರಿಯ ಏಳು ವರ್ಷದ ಹುಡುಗ ಡಿವೈಡರ್ ಹತ್ತಿ ದಾಟುವಾಗ ಬೈಕ್ ಗುದ್ದಿ ಕಾಲು ಮುರೀತು. ಆಗ ಹೋಟೆಲ್ ಮುಂದೆ ನಾನೇ ಕಿವಿಯಾರೆ ಕೇಳಿದ ಮಾತು: "ಆ ಕಡೆ ಮಕ್ಕಳಿಗೆ ಶಿಸ್ತೇ ಇಲ್ಲ ಕಣ್ರೀ." ದೂರದಿಂದ ಬರೋ ಲಾರಿ ಎಷ್ಟು ಜೋರಾಗಿ ಬರ್ತಿದೆ ಅನ್ನೋ ಅಂದಾಜು ಆ ವಯಸ್ಸಿನ ಮಗುವಿಗೆ ಸಿಗಲ್ಲ. ಎಷ್ಟೇ ಪ್ರಮಾಣ ಮಾಡಿಸಿ, ಸಿಗಲ್ಲ.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು ನಡೆದು ಹೋಗ್ತಿದ್ದವರು. ಚಿತ್ರ ಬರೆಯೋ ಸ್ಪರ್ಧೆ ಮಾಡಿದ್ರೆ ಇದು ಕಮ್ಮಿ ಆಗತ್ತಾ?

ಕಾನೂನು ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಸೇರಿದೆ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ತಪ್ಪಿನಿಂದ ಸಾವು ಅಥವಾ ಅಂಗವಿಕಲತೆ ಆದ್ರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡ. ಶಿಕ್ಷಣ ಹಕ್ಕಿನ 2010ರ ಕೇಂದ್ರ ಮಾದರಿ ನಿಯಮಗಳು, ಶಾಲೆಯ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ ಇದ್ದರೆ ಅದನ್ನ ತಪ್ಪಿಸೋ ಜಾಗದಲ್ಲೇ ಶಾಲೆ ಮಾಡಿ ಅಂತ ಹೇಳ್ತವೆ. ಈ ಪಾಠ ಸಾಹೇಬ್ರಿಗೆ ಯಾರು ಮಾಡ್ತಾರೆ?

ಬಾಬಾಸಾಹೇಬರು 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದಿಂದ ಬಿದ್ದು ಕಾಲು ಮುರಿದುಕೊಂಡದ್ದು ಗೊತ್ತಲ್ಲ? ಅಸ್ಪೃಶ್ಯನನ್ನ ಕೂರಿಸಿಕೊಂಡು ಓಡಿಸಲ್ಲ ಅಂದ್ರು ಟಾಂಗಾದವರು. ಓಡಿಸೋಕೆ ಬಾರದ ನಮ್ಮವನೇ ಲಗಾಮು ಹಿಡಿದ, ಸೇತುವೆ ಮೇಲೆ ಗಾಡಿ ಉರುಳ್ತು. ಅದನ್ನ ಬರೀ ಅಪಘಾತ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಮಕ್ಕಳಿಗೆ ಪಾಠ ಬೇಡ ಅಂತ ನಾನು ಹೇಳ್ತಿಲ್ಲ. ಎಡ-ಬಲ ನೋಡೋದು ಕಲೀಲಿ, ಒಬ್ಬರ ಕೈ ಒಬ್ಬರು ಹಿಡಿದು ದಾಟೋದು ಕಲೀಲಿ. ಆದ್ರೆ ಕಲಿಸೋಕೆ ಬರೋರು ಆ ದಾರೀಲಿ ಒಂದು ಸಲ ನಡೆದು ಬರಲಿ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಮಕ್ಕಳು ದಾಟೋ ಹೊತ್ತಿಗೆ, ಕೇರಿ ಗೇಟಿನ ಹತ್ರ ಸೇರ್ತಿದೀವಿ. ಮೇಲ್ಸೇತುವೆ, ಅದು ಆಗೋವರೆಗೆ ವೇಗ ತಡೆ ಮತ್ತು ದಾಟಿಸೋಕೆ ಒಬ್ಬ ಹೋಂಗಾರ್ಡ್, ಇಷ್ಟು ಕೇಳಿ ಅರ್ಜಿ ಬರೆದಿದೀವಿ. ಸಾಹೇಬ್ರಿಗೂ ಹೇಳಿ ಕಳಿಸಿದೀವಿ. ಸುತ್ತಮುತ್ತ ಇರೋರು ಬನ್ನಿ.